ಎರಡನೇ ಎಂಜಿನ್ನಿನ ಮುಚ್ಚಳ

ಐವತ್ತು ದಾಟಿದ ಮೇಲೆ ಮನುಷ್ಯನ ಕಣ್ಣು ಯಾವುದರ ಮೇಲೆ ಬೀಳುತ್ತದೆಂದು ಹೇಳುವುದು ಕಷ್ಟ. ನನ್ನ ಗೆಳೆಯರಲ್ಲಿ ಒಬ್ಬರಿಗೆ ಸೈಟಿನ ಮೇಲೆ ಬಿತ್ತು, ಒಬ್ಬರಿಗೆ ಸಂಘದ ಅಧ್ಯಕ್ಷಗಿರಿಯ ಮೇಲೆ ಬಿತ್ತು, ಸಕ್ಕರೆ ಕಾಯಿಲೆ ಬಂದ ಮತ್ತೊಬ್ಬರಿಗೆ ಜಿಲೇಬಿಯ ಮೇಲೆ ಬಿತ್ತು. ನನ್ನದು ಮುಚ್ಚಳಗಳ ಮೇಲೆ ಬಿತ್ತು. ಪೇಸ್ಟಿನ ಮುಚ್ಚಳ, ಕೊಬ್ಬರಿ ಎಣ್ಣೆಯ ಮುಚ್ಚಳ, ಉಗುರುಬಣ್ಣದ ಮುಚ್ಚಳ, ಕೆಮ್ಮಿನ ಔಷಧದ ಮುಚ್ಚಳ. ಯಾರದಾದರೂ ಮನೆಗೆ ಹೋದರೆ ಅವರು ಮಗಳ ಮದುವೆಯ ಆಲ್ಬಂ ತೆರೆದು ತೋರಿಸುತ್ತಿರುತ್ತಾರೆ. ನಾನು 'ಬಹಳ ಚೆನ್ನಾಗಿದೆ' ಎನ್ನುತ್ತಿರುತ್ತೇನೆ. ಆದರೆ ಹಾಗೆ ಎನ್ನುವುದು ಮದುಮಗಳಿಗಲ್ಲ, ಅವಳ ಅಪ್ಪನ ಹಿಂದಿನ ಗೂಡಿನಲ್ಲಿ ಇಟ್ಟಿರುವ ಮೂಗಿನ ಔಷಧದ ಮುಚ್ಚಳಕ್ಕೆ. ಇದೊಂದು ರೋಗವೆಂದು ನನಗೂ ಗೊತ್ತು. ಆದರೆ ರೋಗಿಯೇ ಒಪ್ಪಿಕೊಂಡ ಮೇಲೆ ವಾದಕ್ಕೇನೂ ಉಳಿಯುವುದಿಲ್ಲ.

ಮೊದಲು ಇದರ ಮೂಲ ಹೇಳಿಬಿಡುತ್ತೇನೆ. ನಾನು ಸೇಡಂ ಹತ್ತಿರದ ಒಂದು ಸಿಮೆಂಟ್ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವವನು. ಹಗಲೆಲ್ಲ ಬೂದು ಪುಡಿಯನ್ನು ತೂಗಿ, ಜರಡಿ ಹಿಡಿದು, ಸಹಿ ಹಾಕಿ ಬರುವುದು ನನ್ನ ಉದ್ಯೋಗ. ಮನೆಗೆ ಬಂದ ಮೇಲೆ ಪ್ಲಾಸ್ಟಿಕ್ಕಿನ ಪುಟ್ಟ ವಿಮಾನ ಕಟ್ಟುವುದು ನನ್ನ ಹುಚ್ಚು. ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುತ್ತವೆ. ನಿಜವಾದ ವಿಮಾನವನ್ನು ಎಪ್ಪತ್ತೆರಡು ಪಟ್ಟು ಕುಗ್ಗಿಸಿದ ಅಳತೆ. ಸಭ್ಯರಾದವರು ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಬರೆದಂತೆ ಕಟ್ಟಿ, ಬಣ್ಣ ಬಳಿದು, ಷೋಕೇಸಿನಲ್ಲಿಟ್ಟು ಸುಮ್ಮನಾಗುತ್ತಾರೆ. ನನಗೆ ಅಷ್ಟು ಸಾಲದು. ಪ್ರಪಂಚದಲ್ಲಿ ಯಾರೂ ಮಾಡದ ವಿಮಾನವನ್ನು ನಾನು ಮಾಡಬೇಕು. ಹಳೆಯ ಕಾಲದ ಡೊಳ್ಳುಹೊಟ್ಟೆಯ ಸಾಮಾನು ವಿಮಾನ ತೆಗೆದುಕೊಂಡು, ಅದರ ಮಡಕೆಯಂಥ ದುಂಡು ಮೂತಿಯ ಎಂಜಿನ್ನುಗಳನ್ನು ಗರಗಸದಿಂದ ಕೊಯ್ದು ಬಿಸಾಡಿ, ಆ ಜಾಗದಲ್ಲಿ ತೆಳ್ಳನೆಯ ಉದ್ದ ಮೂತಿಯ ಟರ್ಬೋಪ್ರಾಪ್ ಎಂಜಿನ್ನುಗಳನ್ನು ಕೂರಿಸಬೇಕು. ಟರ್ಬೋಪ್ರಾಪ್ ಎಂದರೆ ಹೆದರಬೇಕಾದ್ದೇನಿಲ್ಲ. ಒಳಗೆ ಜೆಟ್ಟು, ಹೊರಗೆ ಪಂಖ. ಹೊಸ ಸೊಸೆ ಹಳೆಯ ಮನೆಗೆ ಬಂದಂತೆ, ಮನೆ ಅದೇ ಇರುತ್ತದೆ, ಓಟ ಮಾತ್ರ ಜೋರಾಗುತ್ತದೆ.

ತೊಂದರೆ ಏನೆಂದರೆ ಇಂಥ ಎಂಜಿನ್ನು ಸೇಡಂ ಬಜಾರಿನಲ್ಲಿ ಸಿಗುವುದಿಲ್ಲ. ಹೊರದೇಶದಲ್ಲಿ ಯಾರೋ ಪುಣ್ಯಾತ್ಮರು ಇದನ್ನೇ ಅಚ್ಚು ಹಾಕಿ ಮಾರುತ್ತಾರೆಂದು ತಿಳಿದು ಒಮ್ಮೆ ತರಿಸಿದ್ದೆ. ಎರಡು ತಿಂಗಳಾದ ಮೇಲೆ ಕೊರಿಯರಿನವರು ಫೋನ್ ಮಾಡಿದರು. "ಸಾರ್, ನಿಮ್ಮ ಪಾರ್ಸಲ್ ಮ್ಯಾಲ ಎಂಜಿನ್ ಅಂತ ಬರದಾರ. ನಮ್ಮ ಕಡೆ ಗಾಡಿ ಇಲ್ಲ. ಟೆಂಪೋ ತಗೊಂಡು ಕಲಬುರಗಿಗಿ ಬರ್ರಿ, ಜೊತಿಗಿ ಇಬ್ಬರು ಮಂದಿನೂ ತರ್ರಿ." ನಾನು ಬಸ್ಸಿನಲ್ಲಿ ಹೋಗಿ ಅದನ್ನು ಅಂಗಿಯ ಜೇಬಿನಲ್ಲಿ ಹಾಕಿಕೊಂಡು ಬಂದೆ. ಮನೆಗೆ ಬಂದು ಬಿಚ್ಚಿ ನೋಡಿದರೆ ಒಂದೇ ಎಂಜಿನ್ನು ಇತ್ತು. ಅದೂ ದಾರಿಯಲ್ಲಿ ನುಗ್ಗಾಗಿತ್ತು. ಅಂದಿನಿಂದ ನಾನು ಸ್ವದೇಶಿಯಾದೆ.

ಮನೆಯೊಳಗೇ ಕಣ್ಣಾಡಿಸಿದರೆ ಏನು ಸಿಗುವುದಿಲ್ಲ ಹೇಳಿ. ದಪ್ಪ ಮಾರ್ಕರ್ ಪೆನ್ನಿನ ಕೊಳವೆ ಎಂಜಿನ್ನಿನ ಒಡಲಾಯಿತು. ಕಿವಿ ಕಡ್ಡಿಯ ಟೊಳ್ಳು ಕೊಳವೆಯನ್ನು ಬಿಸಿ ಮಾಡಿ ಬಗ್ಗಿಸಿದರೆ ಹೊಗೆ ಉಗುಳುವ ಪೈಪಾಯಿತು. ಪಂಖದ ಎಲೆಗಳಿಗೆ ಹೆಂಡತಿಯ ಹಣಿಗೆಯ ಬೆನ್ನನ್ನು ಕೊಯ್ದು ಅರದಿಂದ ತಿಕ್ಕಿದೆ. ಆ ಎಲೆಗಳನ್ನು ಯಾವ ಓರೆಯಲ್ಲಿ ಕೂರಿಸಬೇಕು ಎಂಬ ಪ್ರಶ್ನೆ ಬಂತು. ನಮ್ಮ ಊರಿನಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ಮನುಷ್ಯರು ಅಂಗಾತ ಮಲಗಿ ಫ್ಯಾನು ನೋಡುವುದೊಂದೇ ಕೆಲಸವಾದ್ದರಿಂದ ಉತ್ತರ ನೆತ್ತಿಯ ಮೇಲೇ ತೂಗುತ್ತಿತ್ತು. ಫ್ಯಾನು ನಿಲ್ಲಿಸಿ, ಮಲಗಿದಲ್ಲಿಂದಲೇ ಅದರ ರೆಕ್ಕೆಯ ಓರೆಯನ್ನು ಕಾಗದದ ಮೇಲೆ ಬರೆದುಕೊಂಡೆ. ಬೆವರಿನಲ್ಲಿ ತೊಯ್ದು ತೊಪ್ಪೆಯಾದರೂ ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ಚಪ್ಪರಿಸಿಕೊಂಡೆ. ಈ ಫ್ಯಾನಿನ ವಿಷಯ ಸ್ವಲ್ಪ ನೆನಪಿನಲ್ಲಿರಲಿ.

ನನ್ನ ಹೆಂಡತಿ ಸುವರ್ಣಾ ಒಳ್ಳೆಯವಳು. ಹಣಿಗೆಗೆ ಅವಳು ಸಿಟ್ಟಾಗಲಿಲ್ಲ. ಆದರೆ ಒಂದು ದಿನ ಕೊಬ್ಬರಿ ಎಣ್ಣೆಯ ಬಾಟಲಿ ಮುಚ್ಚಳವಿಲ್ಲದೆ ಉರುಳಿ ಅವಳ ಇಳಕಲ್ ಸೀರೆಯ ಮೇಲೆ ಸುರಿಯಿತು. ಆಗ ನನ್ನೆದುರಿಗೆ ನಿಂತು, ಫೋನಿನಲ್ಲಿ ತನ್ನ ತಂಗಿಗೆ ಹೇಳಿದಳು: "ಮಂದಿ ಗಂಡಂದಿರು ಇಸ್ಪೀಟ್ ಆಡ್ತಾರ, ಕುಡೀತಾರ. ಹೇಳ್ಕೋಲಿಕ್ಕಿ ಒಂದು ಹೆಸರಾದ್ರೂ ಇರ್ತದ. ನಮ್ಮನಿಯವರು ಮುಚ್ಚಳ ಕದೀತಾರವ್ವಾ. ಇದನ್ನ ನಾ ಯಾರ ಮುಂದ ಹೇಳ್ಲಿ?" ಆ ಕಡೆಯಿಂದ ತಂಗಿ ಏನು ಹೇಳಿದಳೋ ಕೇಳಿಸಲಿಲ್ಲ. ಬಹಳ ಹೊತ್ತು ನಕ್ಕದ್ದು ಮಾತ್ರ ಕೇಳಿಸಿತು.

ಇನ್ನು ನನ್ನ ಮಾವನವರ ಸಂಗತಿ. ಸುವರ್ಣಾಳ ತಂದೆ ಚಿತ್ತಾಪುರದವರು. ಹದಿನೆಂಟಕ್ಕೆ ವಾಯುಸೇನೆ ಸೇರಿ, ವಿಮಾನದ ಎಂಜಿನ್ ಬಿಚ್ಚಿ ಜೋಡಿಸುವ ಫಿಟ್ಟರ್ ಆಗಿ, ನಿವೃತ್ತರಾಗಿ ಬಂದು ಊರಲ್ಲಿ ತೊಗರಿ ಬೆಳೆಯುತ್ತಿರುವವರು. ಈಗಲೂ ಅವರ ಮನೆಯ ಸ್ಕ್ರೂಡ್ರೈವರುಗಳು ಗೋಡೆಯ ಮೇಲೆ ಎತ್ತರದ ಪ್ರಕಾರ ಸಾಲಾಗಿ ತೂಗುತ್ತವೆ. ನನ್ನ ಮದುವೆಯಾದ ಹೊಸತರಲ್ಲಿ ಒಂದು ಮಧ್ಯಾಹ್ನ ಅವರು ಟ್ರಂಕಿನಿಂದ ಹಳೆಯ ನೋಟುಬುಕ್ಕು ತೆಗೆದು ಒಂದು ಪೆನ್ಸಿಲ್ ಚಿತ್ರ ತೋರಿಸಿದ್ದರು. ಅವರು ಸೇರಿದ ಮೊದಲ ವರ್ಷಗಳಲ್ಲಿ ರಿಪೇರಿ ಮಾಡುತ್ತಿದ್ದ ಎರಡು ಎಂಜಿನ್ನಿನ ಹಳೆಯ ಸಾಮಾನು ವಿಮಾನ. ಆದರೆ ಅದಕ್ಕೆ ಆಮೇಲೆ ಅವರು ಕಲಿತ ಟರ್ಬೋಪ್ರಾಪ್ ಎಂಜಿನ್ನುಗಳು. "ಹಿಂಗ ಮಾಡಿದ್ದರ ಇದು ಗುಡ್ಡದ ಮ್ಯಾಲ ಸರಸರ ಹತ್ತಿ ಹೋಗ್ತಿತ್ತು," ಎಂದರು. ಯಾರಿಗಾದರೂ ತೋರಿಸಿದ್ದಿರಾ ಎಂದು ಕೇಳಿದೆ. "ಫಿಟ್ಟರ್ ಕೆಲಸ ಬಿಚ್ಚಿದ್ದು ಜೋಡ್ಸೋದು ಅದ ಅಳಿಯಾರ. ವಿಚಾರ ಮಾಡೋದಲ್ಲ," ಎಂದು ನಾಚಿಕೊಂಡು ಪುಸ್ತಕ ಮುಚ್ಚಿ ಒಳಗಿಟ್ಟರು. ಅವರು ಆ ಚಿತ್ರವನ್ನು ತೋರಿಸಿದ್ದು ನನಗೊಬ್ಬನಿಗೇ ಎಂದು ಆಮೇಲೆ ಸುವರ್ಣಾಳಿಂದ ತಿಳಿಯಿತು. ಅಂಥದ್ದೊಂದು ಚಿತ್ರವಿದೆಯೆಂದು ಅವಳಿಗೂ ಗೊತ್ತಿರಲಿಲ್ಲ.

ಕಳೆದ ವರ್ಷ ಮಾವನವರ ಎರಡು ಕಣ್ಣಿಗೂ ಪೊರೆ ಬಂತು. ನೋಟುಬುಕ್ಕಿನ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಡಿದು ನೋಡಿ, ಕಾಣದೆ, ಮಡಚಿಡುವುದನ್ನು ನಾನು ಕಂಡೆ. ಅವತ್ತೇ ನಿರ್ಧಾರ ಮಾಡಿದೆ. ಪೊರೆ ತೆಗೆಸಿ, ಅವರು ಮತ್ತೆ ಚಿತ್ತಾಪುರಕ್ಕೆ ಹೋಗುವುದರೊಳಗೆ ಆ ವಿಮಾನವನ್ನು ಅವರ ಕೈಗೆ ಕೊಡಬೇಕು. ಕಾಗದದ್ದಲ್ಲ, ಕೈಯಲ್ಲಿ ಹಿಡಿಯುವಂಥದ್ದು.

ಶಹಾಬಾದಿನಲ್ಲಿ ಒಂದು ಟ್ರಸ್ಟಿನವರು ಕಣ್ಣಿನ ಕ್ಯಾಂಪ್ ಹಾಕಿದ್ದರು. ತಪಾಸಣೆ ಮಾಡಿ, ಬಸ್ಸಿನಲ್ಲಿ ಕಲಬುರಗಿಯ ಆಸ್ಪತ್ರೆಗೆ ಕರೆದೊಯ್ದು, ಒಂದು ಕಣ್ಣಿನ ಆಪರೇಷನ್ ಮಾಡಿಸಿ, ಕಪ್ಪು ಕನ್ನಡಕ ಹಾಕಿ, ಕೈಗೊಂದು ಔಷಧದ ಬಾಟಲಿ ಕೊಟ್ಟು ಕಳಿಸಿದರು. ಮಾವ ನಮ್ಮ ಮನೆಗೆ ಬಂದರು. ಮೊದಲ ಸಲ ಅವರ ಕಣ್ಣಿಗೆ ಹನಿ ಹಾಕಲು ಬಾಟಲಿ ಕೈಗೆತ್ತಿಕೊಂಡವನು ಹಾಗೇ ನಿಂತುಬಿಟ್ಟೆ. ಟರ್ಬೋಪ್ರಾಪ್ ಪಂಖದ ಮೂಗಿನ ಮೇಲೆ ಒಂದು ಚೂಪಾದ ಟೊಪ್ಪಿಗೆ ಇರುತ್ತದೆ. ಇಡೀ ಎಂಜಿನ್ನಿನ ಲಕ್ಷಣವೆಲ್ಲ ಆ ಟೊಪ್ಪಿಗೆಯಲ್ಲಿದೆ. ಮೂರು ತಿಂಗಳಿಂದ ನಾನು ಮನೆಯ ಮುಚ್ಚಳಗಳನ್ನೆಲ್ಲ ಕದ್ದು ನೋಡಿ ಸೋತಿದ್ದೆ. ಬುಡದಲ್ಲಿ ದುಂಡಗೆ, ಮೇಲಕ್ಕೆ ಹೋಗುತ್ತ ಸಣ್ಣಗಾಗಿ, ತುದಿಯಲ್ಲಿ ನಯವಾಗಿ ಮುಗಿದ ಆ ಟೊಪ್ಪಿಗೆ ಈಗ ನನ್ನ ಕೈಯಲ್ಲಿತ್ತು. "ಹಾಕ್ರಿ ಅಳಿಯಾರ, ಕಣ್ಣು ತೆರದು ಭಾಳ ಹೊತ್ತಾತು," ಎಂದು ಮಾವ ಮಲಗಿದಲ್ಲಿಂದ ಹೇಳಿದರು.

ಆ ಬಾಟಲಿ ಖಾಲಿಯಾಗುವವರೆಗೆ ನಾನು ಮಾಡಿದ ಸೇವೆಯನ್ನು ನೆರೆಹೊರೆಯವರು ಈಗಲೂ ಕೊಂಡಾಡುತ್ತಾರೆ. ಹೊತ್ತು ತಪ್ಪಿಸದೆ ಹನಿ ಹಾಕಿದೆ. ಕೊನೆಯ ಹನಿ ಬಿದ್ದ ದಿನವೇ ಮುಚ್ಚಳ ಮೊದಲನೇ ಎಂಜಿನ್ನಿನ ಮೇಲೆ ಕೂತಿತು. ಮಾವನಿಗೆ ತೋರಿಸಿದೆ. ಅವರು ಆಪರೇಷನ್ ಆದ ಕಣ್ಣಿನಿಂದ ದೂರ ಹಿಡಿದು ನೋಡಿ, "ಬರೋಬ್ಬರಿ ಅದ," ಎಂದರು. ಅವರ ಮುಖ ಅರಳಿದ್ದನ್ನು ನೋಡಿ ನನಗೆ ನೆಲ ಕಾಣಲಿಲ್ಲ. ಆಮೇಲೆ ಬೆರಳಿನಿಂದ ಆ ಕಡೆಯ ರೆಕ್ಕೆಯನ್ನು ಸವರಿ, "ನಂಬರ್ ಎರಡು ಎಲ್ಲಿ?" ಎಂದು ಕೇಳಿದರು.

ಅದೇ ನನ್ನ ಕಷ್ಟ. ಪ್ರಪಂಚದಲ್ಲಿ ಯಾವ ವಸ್ತುವಾದರೂ ಒಂದು ಸಿಗುತ್ತದೆ, ಅದರ ಜೋಡಿ ಸಿಗುವುದಿಲ್ಲ. ಕಿವಿಯ ಓಲೆ ಕಳೆದುಕೊಂಡ ಹೆಣ್ಣುಮಕ್ಕಳಿಗೆ ಇದು ಗೊತ್ತು. ಔಷಧದ ಅಂಗಡಿಗೆ ಹೋದರೆ ಅದೇ ಔಷಧ ಚಪ್ಪಟೆ ಮುಚ್ಚಳದಲ್ಲಿತ್ತು. "ಒಳಗಿನ ದವಾ ಒಂದೇ ಅದ ಸಾರ್," ಎಂದ ಅಂಗಡಿಯವನು. ಒಳಗಿನ ಔಷಧ ಯಾರಿಗೆ ಬೇಕಾಗಿತ್ತು ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಉಳಿದ ದಾರಿ ಒಂದೇ. ಮಾವನವರ ಇನ್ನೊಂದು ಕಣ್ಣಿಗೂ ಅದೇ ಟ್ರಸ್ಟಿನಿಂದ ಆಪರೇಷನ್ ಮಾಡಿಸುವುದು. ಬೆಳಿಗ್ಗೆ ಚಹಾದ ಹೊತ್ತಿಗೆ ಕೇಳಿದೆ, ಊಟಕ್ಕೆ ಕೂತಾಗ ಕೇಳಿದೆ, ಟಿ.ವಿ. ನೋಡುವಾಗ ಕೇಳಿದೆ. "ನಮ್ಮಪ್ಪನ ಕಾಳಜಿ ನನಗಿಂತ ಇವರಿಗೇ ಭಾಳ," ಎಂದು ಸುವರ್ಣಾ ಕಣ್ಣೊರೆಸಿಕೊಂಡು, ಎಣ್ಣೆಯ ಸೀರೆಯನ್ನು ಕ್ಷಮಿಸಿದಳು. ನಾನು ತಲೆ ತಗ್ಗಿಸಿ ಕೂತೆ. ಅದನ್ನೂ ವಿನಯವೆಂದು ತಿಳಿದಳು.

ಮಾವ ಮಾತ್ರ ಜಗ್ಗಲಿಲ್ಲ. "ಒಂದು ಕಣ್ಣು ಸಾಕು ಅಳಿಯಾರ. ಎರಡು ಎಂಜಿನ್ನಿನ ವಿಮಾನ ಒಂದು ಬಂದ್ ಬಿದ್ದರೂ ಇನ್ನೊಂದರ ಮ್ಯಾಲ ಆರಾಮ ಇಳೀತದ."

"ಇಳೀತದ ಮಾವಾರ. ಆದ್ರ ಏರಂಗಿಲ್ಲಲ್ಲ?"

"ಈ ವಯಸ್ಸಿನ್ಯಾಗ ಎಲ್ಲಿಗಿ ಏರೋದದ," ಎಂದು ಅವರು ಆ ಕಡೆ ತಿರುಗಿ ಮಲಗಿದರು.

ಆಗ ನನಗೆ ಹೊಳೆಯಿತು. ಆಸ್ಪತ್ರೆಯಲ್ಲಿ ಮಾವನ ವಾರ್ಡಿನಲ್ಲಿ ಅದೇ ಕ್ಯಾಂಪಿನಿಂದ ಬಂದ ಇನ್ನೂ ಮೂವರು ಇದ್ದರು. ಶಿಸ್ತಿನ ಮನುಷ್ಯರಾದ ಮಾವ ಅವರ ಮಂಚದ ನಂಬರು, ಹೆಸರು, ಊರು, ಫೋನು ಎಲ್ಲವನ್ನೂ ಆಸ್ಪತ್ರೆಯ ಚೀಟಿಯ ಹಿಂದೆ ಬರೆದುಕೊಂಡಿದ್ದರು. ಮೂವರು ಮುದುಕರು, ಮೂರು ಬಾಟಲಿಗಳು, ಮೂರು ಮುಚ್ಚಳಗಳು. ನಮ್ಮ ಕಡೆಯ ಮಂದಿ ಖಾಲಿ ಬಾಟಲಿಯನ್ನು ಎಸೆಯುವ ಜಾತಿಯವರಲ್ಲ ಎಂಬುದೇ ನನ್ನ ಧೈರ್ಯ. ಆದಿತ್ಯವಾರ ಬೈಕು ಹತ್ತಿದೆ. ಹೆಗಲಿಗೊಂದು ಚೀಲ, ಅದರಲ್ಲಿ ಮುಚ್ಚಳದ ಅಳತೆ ತೆಗೆಯುವ ವರ್ನಿಯರ್ ಕ್ಯಾಲಿಪರ್. ಹತ್ತಿರದ್ದು ನನಗೂ ಸರಿಯಾಗಿ ಕಾಣುವುದಿಲ್ಲವಾದ್ದರಿಂದ, ಮಾಡೆಲ್ ಕೆಲಸಕ್ಕೆ ಹಣೆಗೆ ಕಟ್ಟಿಕೊಳ್ಳುವ, ಪುಟ್ಟ ದೀಪವಿರುವ ಭೂತಗನ್ನಡಿ. ಕೊರಳಲ್ಲಿ ಮರೆತು ಹಾಗೇ ಉಳಿದಿದ್ದ ಕಾರ್ಖಾನೆಯ ಗುರುತಿನ ಬಿಲ್ಲೆ. ಈ ವೇಷದಲ್ಲಿ ನಾನು ಯಾರಂತೆ ಕಾಣುತ್ತೇನೆಂದು ನನಗೆ ಹೊಳೆಯಲೇ ಇಲ್ಲ.

ಮೊದಲು ಶಹಾಬಾದಿನ ಖಾಸಿಂಸಾಬರು. ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಯಲ್ಲಿ ಮೈಮುರಿದು ದುಡಿದವರು. ಅವರ ಮನೆಯ ಅಂಗಳ, ಒಲೆಕಟ್ಟೆ, ಗೂಡು ಎಲ್ಲವೂ ಕಲ್ಲೇ. "ಬಾಟಲಿ ಅದ ಏನ್ರಿ?" ಎಂದು ನಾನು ಕೇಳಿದ ತಕ್ಷಣ ಅವರ ಸೊಸೆ ಹೊಲಿಗೆ ಯಂತ್ರದ ಅಡಿಯಿಂದ ಅದನ್ನು ತಂದಳು. ಯಂತ್ರಕ್ಕೆ ಎಣ್ಣೆ ಬಿಡಲು ಅದಕ್ಕಿಂತ ಅನುಕೂಲದ್ದು ಇಲ್ಲವಂತೆ. ಆದರೆ ಎಣ್ಣೆ ಬೇಗ ಬೀಳಲೆಂದು ಮುಚ್ಚಳದ ತುದಿಯನ್ನು ಕತ್ತರಿಸಿ, ಅದನ್ನೇ ಲಾಳಿಕೆ ಮಾಡಿಕೊಂಡಿದ್ದಳು. ಎಲ್ಲಿ ಕತ್ತರಿಸಿದ್ದಾಳೆ ಎಂದು ನೋಡಲು ಭೂತಗನ್ನಡಿ ಹಣೆಗೆ ಕಟ್ಟಿ ದೀಪ ಹಾಕಿದೆ. ತಲೆಯೆತ್ತಿದರೆ ಖಾಸಿಂಸಾಬರು ನನ್ನೆದುರು ಕುಕ್ಕರುಗಾಲಿನಲ್ಲಿ ಕೂತು, ಕಣ್ಣನ್ನು ಎರಡು ಬೆರಳಿನಿಂದ ಅಗಲಿಸಿಕೊಂಡು ಮುಖ ಒಡ್ಡಿದ್ದರು. "ನೋಡ್ರಿ ಸಾಹೇಬ್ರ, ಬಿಲ್ಕುಲ್ ಸಾಫ್ ಅದ," ಎಂದರು. ನಾನು ಕಕ್ಕಾಬಿಕ್ಕಿಯಾಗಿ ಒಂದು ಕ್ಷಣ ಅವರ ಕಣ್ಣನ್ನು ನೋಡಿ, "ಚಲೋ ಅದ," ಎಂದೆ. ನಾನು ಮಾಡಿದ ತಪ್ಪು ಅದೇ. ಕ್ಯಾಂಪಿನವನಲ್ಲ ಎಂದು ಅಲ್ಲೇ ಹೇಳಬೇಕಿತ್ತು. ಆದರೆ ಆ ಹೊತ್ತಿಗೆ ಚಹಾ ಬಂತು, ಚಹಾ ಕುಡಿದ ಮೇಲೆ ಅವರನ್ನು ನಿರಾಸೆಗೊಳಿಸುವುದು ಹೇಗೆ ಎನಿಸಿತು.

ಮರುವಾರ ಚಿಂಚೋಳಿಯ ನರಸಪ್ಪನವರು. ಮನೆಯಲ್ಲಿ ಅವರ ಹೆಂಡತಿ ಮಾತ್ರ ಇದ್ದರು. "ಬಾಟಲಿ ಇಲ್ಲಿ ಅದ ನೋಡ್ರಿ," ಎಂದು ತಂದುಕೊಟ್ಟರು. ಮುಚ್ಚಳ ಇರಲಿಲ್ಲ. "ಅದಾ? ಅವರ ಛತ್ರಿ ಮೂತಿ ಉದುರಿ ಹೋಗಿತ್ತಲ್ರಿ, ಅದಕ್ಕ ಸಿಗಿಸ್ಕೊಂಡಾರ. ಹೊಲಿಸಿದಂಗ ಕುಂತದ."

"ಛತ್ರಿ ಎಲ್ಲಿ ಅದರಿ?"

"ತಾಂಡೂರಿಗಿ ಮಗಳ ಮನಿಗಿ ಹೋಗ್ಯಾರ. ಬಿಸಿಲು ಭಾಳ ಅದಂತ ಛತ್ರಿ ಹಿಡ್ಕೊಂಡೇ ಹೋಗ್ಯಾರ."

ನನ್ನ ಮುಚ್ಚಳ ರಾಜ್ಯವನ್ನೇ ಬಿಟ್ಟು ಹೋಗಿತ್ತು. ನನ್ನ ಮುಖ ಸಪ್ಪಗಾದದ್ದನ್ನು ಕಂಡು ಆಕೆ, "ಚಿಂತಿ ಮಾಡಬ್ಯಾಡ್ರಿ, ಅವರ ಕಣ್ಣು ಚಲೋ ಅದ," ಎಂದು ನನಗೇ ಸಮಾಧಾನ ಹೇಳಿದರು. ಅಷ್ಟು ದೂರದಿಂದ ಗಂಡನ ಕಣ್ಣು ವಿಚಾರಿಸಲು ಬಂದ ಮಹಾತ್ಮನೆಂದು ಒಂದು ಸೇರು ಹೆಸರುಕಾಳನ್ನೂ ಕಟ್ಟಿಕೊಟ್ಟರು. ಬೈಕಿನಲ್ಲಿ ಆ ಗಂಟು ದಾರಿಯುದ್ದಕ್ಕೂ ನನ್ನ ಮೊಣಕಾಲಿಗೆ ಬಡಿಯುತ್ತಿತ್ತು.

ಉಳಿದವರು ವಾಡಿಯ ಭೀಮಶಾ ಒಬ್ಬರೇ. ಗೂಡ್ಸ್ ಶೆಡ್ಡಿನಲ್ಲಿ ಹಮಾಲಿ ಮಾಡಿದವರು. ನಾನು ಹೋಗುವುದರೊಳಗೆ ಖಾಸಿಂಸಾಬರು ಅವರಿಗೆ ಫೋನ್ ಮಾಡಿ, ಕ್ಯಾಂಪಿನ ಸಾಹೇಬರು ಮನೆಮನೆಗೆ ಬರುತ್ತಿದ್ದಾರೆಂದು ತಿಳಿಸಿದ್ದರು. ಓಣಿಯ ತಿರುವಿನಲ್ಲಿ ಬೈಕು ನಿಲ್ಲಿಸಿದರೆ ಬೇವಿನ ಮರದ ಕೆಳಗೆ ಹನ್ನೆರಡು ಹದಿಮೂರು ಮಂದಿ ಕೂತಿದ್ದರು. ಒಬ್ಬರಿಗೆ ಕಣ್ಣು ಮಸುಕು, ಒಬ್ಬರಿಗೆ ಕಿವಿ ಮಂದ, ಒಬ್ಬಾಕೆಗೆ ನಾಲ್ಕು ತಿಂಗಳಿಂದ ಪಿಂಚಣಿ ಬಂದಿಲ್ಲ. ನನಗಾಗಿ ಒಂದು ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಒಗೆದ ಟವೆಲ್ಲು. ನಾನು ಕೂತೆ. ಏಕೆ ಕೂತೆ ಎಂದು ಕೇಳಬೇಡಿ. ಕುರ್ಚಿ ಇಟ್ಟು 'ಕುಂದ್ರಿ' ಎಂದರೆ ಕೂರದೆ ಇರುವ ಶಕ್ತಿ ನನ್ನಲ್ಲಿ ಮೊದಲಿನಿಂದಲೂ ಇಲ್ಲ.

ಭೀಮಶಾ ಒಳಗಿನಿಂದ ಬಂದರು. ಎರಡೂ ಕೈಯಲ್ಲಿ, ಪ್ರಸಾದ ಹಿಡಿದಂತೆ, ಆ ಬಾಟಲಿಯನ್ನು ಹಿಡಿದು ತಂದಿದ್ದರು. ಮುಚ್ಚಳ ಇತ್ತು. ಗೀರಿಲ್ಲದೆ, ಕೊಯ್ಯದೆ, ಹೊಸದಾಗಿತ್ತು. ಬಾಟಲಿ ಮಾತ್ರ ತುಂಬಿತ್ತು.

"ಒಂದು ಹನಿ ಸೈತ ಖರ್ಚ್ ಮಾಡಿಲ್ರಿ," ಎಂದು ಅವರು ಹೆಮ್ಮೆಯಿಂದ ಹೇಳಿದರು. "ಪಟ್ಟಿ ಬಿಚ್ಚಿದ ದಿನಾನೇ ಕಣ್ಣು ಫಕ್ಕಂತ ಕಾಣಲಿಕತ್ತು. ಮತ್ತ ಸುಮ್ನ ಯಾಕ ಹಾಳ ಮಾಡಬೇಕು? ನಾಳಿ ಇನ್ನೊಂದು ಕಣ್ಣಿನ ಆಪರೇಷನ್ ಆದಾಗ ಬರ್ತದಂತ ಒಲಿ ಮ್ಯಾಲಿನ ಗೂಡಿನ್ಯಾಗ ಜೋಕೆ ಮಾಡಿ ಇಟ್ಟೀನಿ."

ಬಿಟ್ಟಿ ಸಿಕ್ಕದ್ದನ್ನು ಕೂಡ ಮುಂದಿನ ಅಗತ್ಯಕ್ಕೆ ಎತ್ತಿಡುವ ಈ ಬುದ್ಧಿ ನಮ್ಮ ಕಡೆ ಮನೆಮನೆಯಲ್ಲಿದೆ. ನನ್ನ ಅವ್ವ ಜ್ವರದ ಗುಳಿಗೆಯನ್ನು ಅರ್ಧ ಮುರಿದು ಮುಂದಿನ ಜ್ವರಕ್ಕೆ ಇಡುತ್ತಿದ್ದಳು. ನಗು ಬಂತು. ಮುಚ್ಚಳದ ಮೇಲಿಂದ ಕಣ್ಣು ತೆಗೆದು ಆಮೇಲೆ ಅವರ ಮುಖ ನೋಡಿದೆ. ಆಪರೇಷನ್ ಆದ ಕಣ್ಣು ಕೆಂಪಗೆ ಕೆಂಡವಾಗಿತ್ತು. ನೀರು ಸೋರುತ್ತಿತ್ತು. ಅದನ್ನು ಅವರು ಹೆಗಲಿನ ಟವೆಲ್ಲಿನ ತುದಿಯಿಂದ ಒರೆಸುತ್ತಲೇ ಇದ್ದರು. ಮುಚ್ಚಳದಿಂದ ಆ ಮುಖಕ್ಕೆ ಬರಲು ನನ್ನ ಕಣ್ಣಿಗೆ ಅಷ್ಟು ಹೊತ್ತು ಬೇಕಾಯಿತಲ್ಲ ಎಂದು ಈಗ ನೆನೆದರೂ ನಾಚಿಕೆಯಾಗುತ್ತದೆ.

"ಯಾವಾಗಿಂದ ಹಿಂಗ ಅದರಿ?"

"ಒಂದು ವಾರ ಆತು. ಜರಾ ಚುಚ್ಚತದ. ಮಸುಕ್ ಮಸುಕ್ ಕಾಣ್ತದ. ಧೂಳಿಗಿ ಇರಬೇಕು ಬಿಡ್ರಿ. ನೀವು ಬಂದೀರಲ್ಲ, ನೋಡಿ ಹೇಳ್ರಿ."

ಹದಿಮೂರು ಮಂದಿ ನನ್ನ ಮುಖ ನೋಡುತ್ತಿದ್ದರು. ಎದ್ದು ನಿಂತು ಹೇಳಿಬಿಟ್ಟೆ. ನಾನು ಕ್ಯಾಂಪಿನವನಲ್ಲ, ಡಾಕ್ಟರನಂತೂ ಅಲ್ಲವೇ ಅಲ್ಲ, ಸಿಮೆಂಟ್ ತೂಗುವವನು, ಆಟಿಕೆಯ ವಿಮಾನಕ್ಕೆ ಈ ಮುಚ್ಚಳ ಬೇಕಾಗಿ ಬಂದವನು. ಪಿಂಚಣಿಯ ಅಜ್ಜಿ, "ವಿಮಾನದ ಆಫೀಸರ್ ಅಂತ ನೋಡ್ರಿ," ಎಂದು ಪಕ್ಕದವರಿಗೆ ವಿವರಿಸಿದಳು. ಭೀಮಶಾ ಮಾತ್ರ ನನ್ನನ್ನೇ ನೋಡುತ್ತ, "ಮುಚ್ಚಳ ತಗೊಳ್ರಿ. ಬಾಟಲಿಗಿ ನಾ ಹತ್ತಿ ತುರುಕಿ ಇಡ್ತೀನಿ," ಎಂದರು. ನನಗೆ ಅಳು ಬಂದಂತಾಯಿತು. "ಮೊದಲ ನೀವು ನಡೀರಿ ನನ್ನ ಜೋಡಿ," ಎಂದು ಅವರ ಕೈ ಹಿಡಿದೆ.

ವಾಡಿಯಿಂದ ಮಧ್ಯಾಹ್ನದ ರೈಲು ಹಿಡಿದು ಕಲಬುರಗಿಯ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಪರೀಕ್ಷೆ ಮಾಡಿ, ಒಳಗೆ ಉರಿಯೂತವಾಗಿದೆ, ಇನ್ನೊಂದು ವಾರ ಬಿಟ್ಟಿದ್ದರೆ ಕಣ್ಣು ಉಳಿಸುವುದು ಕಷ್ಟವಿತ್ತು ಎಂದರು. ಔಷಧ ಕೊಟ್ಟರು, ಭೀಮಶಾಗೆ ಬೈದರು, ನನ್ನ ಕಡೆ ತಿರುಗಿ, "ನೀವು ಇವರಿಗೆ ಏನಾಗಬೇಕು?" ಎಂದು ಕೇಳಿದರು. ಯೋಚಿಸಿದೆ. "ನಮ್ಮ ಮಾವನ ಪಕ್ಕದ ಮಂಚದವರು," ಎಂದೆ. ಅವರು ಹಳೆಯ ಬಾಟಲಿಯನ್ನು ನನ್ನ ಕೈಗೆ ಕೊಟ್ಟು, "ಒಲೆಯ ಕಾವಿನಲ್ಲಿ ಇಟ್ಟದ್ದು, ಇದನ್ನು ಎಸೆದುಬಿಡಿ," ಎಂದರು. ವೈದ್ಯರ ಮಾತನ್ನು ನಾನು ಮುಕ್ಕಾಲು ಪಾಲು ಪಾಲಿಸಿದೆ. ಔಷಧ ಎಸೆದೆ, ಬಾಟಲಿಯನ್ನೂ ಎಸೆದೆ.

ಮೂರು ವಾರ ಪ್ರತಿ ಆದಿತ್ಯವಾರ ವಾಡಿಗೆ ಹೋಗಿ ಬಂದೆ. ಭೀಮಶಾರ ಕಣ್ಣು ತಿಳಿಯಾಯಿತು. ಇದನ್ನೆಲ್ಲ ಮಾವನಿಗೆ ಹೇಳಿದಾಗ ಅವರು, "ಹೆದರಿಕಿ ಅದ ಅಳಿಯಾರ," ಎಂದರು. "ಒಂದು ಕಣ್ಣು ಕಾಣಲಿಕತ್ತದ. ಇನ್ನೊಂದಕ್ಕ ಕೈ ಹಾಕಿ ಎರಡೂ ಹೋದ್ರ ಅಂತ. ಎಂಜಿನ್ ಮಾತು ಹಂಗೇ ಹೇಳಿದೆ." ಅಷ್ಟು ದಿನ ಊಟ ತಿಂಡಿಯ ಹೊತ್ತಿಗೆಲ್ಲ ನಾನು ಕಾಡಿದ್ದು ಒಬ್ಬ ಹೆದರಿದ ಮನುಷ್ಯನನ್ನು ಎಂದು ಆಗ ತಿಳಿಯಿತು. ಈಗ ನನಗೆ ಮುಚ್ಚಳ ಬೇಕಿರಲಿಲ್ಲ, ಅದು ಡಬ್ಬಿಯಲ್ಲಿತ್ತು. ಆದರೂ ಅವರ ಪಕ್ಕದಲ್ಲಿ ಕೂತು ಮತ್ತೆ ಕೇಳಿದೆ. "ನೀವು ಬಾಜೂ ಇದ್ದರ ಆತು," ಎಂದರು. ಆಪರೇಷನ್ ಆಯಿತು. ಅದೇ ಟ್ರಸ್ಟು, ಅದೇ ಚೂಪು ಮೂತಿಯ ಬಾಟಲಿ. ಈ ಸಲ ನಾನು ಹನಿ ಹಾಕಿದ್ದು ಕಣ್ಣನ್ನು ನೋಡಿ.

ಹತ್ತು ದಿನವಾದ ಮೇಲೆ ಒಂದು ಬೆಳಿಗ್ಗೆ ವಿಮಾನವನ್ನು ಮೇಜಿನ ಮೇಲೆ, ಬಿಸಿಲು ಬೀಳುವಲ್ಲಿ ಇಟ್ಟೆ. ಎರಡು ಎಂಜಿನ್ನು, ಎರಡು ಟೊಪ್ಪಿಗೆ, ಎಂಟು ಎಲೆ. ಮಾವ ಕಪ್ಪು ಕನ್ನಡಕ ತೆಗೆದರು. ನೋಟುಬುಕ್ಕಿನ ಹಾಳೆ ಬಿಚ್ಚಿ ಪಕ್ಕದಲ್ಲಿಟ್ಟರು. ಚಿತ್ರ ನೋಡಿದರು, ವಿಮಾನ ನೋಡಿದರು, ಗೋಡೆಯ ಕಡೆ ನೋಡಿದರು. "ಸುವರ್ಣಾ, ಇಲ್ಲಿ ಬಾರವ್ವಾ," ಎಂದು ಮಗಳನ್ನು ಕರೆದರು. "ನೋಡು, ನೆರಳು ಬಿದ್ದದ." ಕಾಗದದಲ್ಲಿದ್ದ ವಿಮಾನ ಅಷ್ಟು ವರ್ಷದ ಮೇಲೆ ಮೊದಲ ಸಲ ಗೋಡೆಯ ಮೇಲೆ ನೆರಳು ಚೆಲ್ಲಿತ್ತು. ಸುವರ್ಣಾ ಆ ಚಿತ್ರವನ್ನು ಕಂಡದ್ದು ಆವತ್ತೇ. ಅವಳು ಸೆರಗನ್ನು ಬಾಯಿಗಿಟ್ಟುಕೊಂಡಳು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಆ ಮನೆಯ ಅಳಿಯನಾದೆ ಎನಿಸಿತು.

ಆಗ ಮಾವ, "ನಿಮ್ಮ ಆ ಹಣಿ ಮ್ಯಾಲ ಕಟ್ಟೋ ಭೂತಗನ್ನಡಿ ಕೊಡ್ರಿ," ಎಂದರು. ಕೊಟ್ಟೆ. ಹಣೆಗೆ ಕಟ್ಟಿಕೊಂಡು, ದೀಪ ಹಾಕಿ, ವಿಮಾನವನ್ನು ಮೂಗಿನ ಹತ್ತಿರ ತಂದು, ಎಡಗಡೆಯ ಎಂಜಿನ್ ನೋಡಿದರು, ಬಲಗಡೆಯದು ನೋಡಿದರು. ಫಿಟ್ಟರನ ಮುಖ ಬಂದುಬಿಟ್ಟಿತ್ತು.

"ಅಳಿಯಾರ, ಈ ಪಂಖದ ಓರೆ ಎಲ್ಲಿಂದ ತಗೊಂಡೀರಿ?"

ನಾನು ಹೆಮ್ಮೆಯಿಂದ ಮೇಲೆ ಬೆರಳು ತೋರಿಸಿದೆ.

ಅವರು ಒಮ್ಮೆ ಫ್ಯಾನು ನೋಡಿ, ನನ್ನನ್ನು ನೋಡಿ, ಮೆಲ್ಲಗೆ ಹೇಳಿದರು. "ಫ್ಯಾನು ತನ್ನ ಮುಂದ ಮಲಗಿದವರಿಗಿ ಗಾಳಿ ಬಿಡ್ತದ. ವಿಮಾನದ ಪಂಖ ಹಿಂದಕ್ಕ ಬಿಡಬೇಕು. ನೀವು ಭಾಳ ಚಂದ ಮಾಡೀರಿ. ಆದ್ರ ಇದು ಗುಡ್ಡ ಹತ್ತಂಗಿಲ್ಲ. ಹಿಂದ್ ಹಿಂದ್ ಹೋಗ್ತದ."

"ಮೊದಲನೇದು ತೋರಿಸಿದಾಗ ಬರೋಬ್ಬರಿ ಅದ ಅಂದಿದ್ರಲ್ಲ ಮಾವಾರ?"

"ಆವಾಗ ನನಗ ಎಲ್ಲಿ ಕಾಣ್ತಿತ್ತು?"

ಸುವರ್ಣಾ ಸೆರಗನ್ನು ಬಾಯಿಯಿಂದ ತೆಗೆಯಲಿಲ್ಲ. ಆದರೆ ಈಗ ಅದರ ಹಿಂದೆ ಇದ್ದದ್ದು ಅಳುವಲ್ಲ. ನನ್ನ ತಪ್ಪು ಕಾಣದಿದ್ದ ಒಬ್ಬ ಮಾವನನ್ನು ಬೆನ್ನು ಹತ್ತಿ, ಕಾಡಿ, ಕೈಹಿಡಿದು ಕರೆದೊಯ್ದು, ನನ್ನ ತಪ್ಪು ಚೊಕ್ಕ ಕಾಣುವಂತೆ ಮಾಡಿಸಿಕೊಂಡು ಬಂದವನು ನಾನೇ. ಮಾವ ಮಾತ್ರ ಹತ್ತು ವರ್ಷ ಚಿಕ್ಕವರಾಗಿದ್ದರು. "ಬಿಚ್ಚಿ ಜೋಡಸೂಣು. ಇದು ನನ್ನ ಕೆಲಸ ಅದ. ಆಗೂತನಕ ನಾ ಚಿತ್ತಾಪುರಕ್ಕ ಹೋಗಂಗಿಲ್ಲ," ಎಂದು ನನ್ನ ಸ್ಕ್ರೂಡ್ರೈವರುಗಳನ್ನು ಎತ್ತರದ ಪ್ರಕಾರ ಜೋಡಿಸತೊಡಗಿದರು.

ಬಿಚ್ಚುವುದು ಸುಲಭವಿರಲಿಲ್ಲ. ಹಾಳಾದ ಅಂಟು ಬಂಡೆಯಂತೆ ಹಿಡಿದಿತ್ತು. ಎಲೆಗಳು ಉಳಿದವು, ಎರಡೂ ಟೊಪ್ಪಿಗೆಗಳು ಒಡೆದವು. ಮಾವನ ಈಗಿನ ಬಾಟಲಿ ಅರ್ಧಕ್ಕೆ ಬಂದಿದೆ, ಅಲ್ಲಿಗೆ ಒಂದಾಯಿತು. ನಿನ್ನೆ ಸಂಜೆ ವಾಡಿಗೆ ಫೋನ್ ಮಾಡಿ, ಇನ್ನೊಂದು ಕಣ್ಣಿನ ಆಪರೇಷನ್ ಯಾವಾಗ ಎಂದು ಭೀಮಶಾರನ್ನು ಕೇಳಿದೆ. ಮುಂದಿನ ತಿಂಗಳಂತೆ, ಅದೇ ಟ್ರಸ್ಟಿನಿಂದ. "ಹೆತ್ತ ಮಕ್ಕಳು ಸೈತ ಹಿಂಗ ಕೇಳಂಗಿಲ್ರಿ," ಎನ್ನುವಾಗ ಅವರ ದನಿ ಒದ್ದೆಯಾಯಿತು. ನಾನೂ ಮೂಗೊರೆಸಿಕೊಂಡೆ. ಆಮೇಲೆ, ಈ ಸಲ ಔಷಧವನ್ನು ಉಳಿಸದೆ ಕೊನೆಯ ಹನಿಯವರೆಗೆ ಹಾಕಿಕೊಳ್ಳಬೇಕೆಂದು ನಾಲ್ಕು ಸಲ ಹೇಳಿದೆ. ಮುಚ್ಚಳದ ವಿಷಯ ಎತ್ತಲಿಲ್ಲ. ಅವರೇ ಎತ್ತಿದರು. "ಅದನ್ನ ಜೋಕೆ ಮಾಡಿ ಇಡ್ತೀನಿ ಬಿಡ್ರಿ," ಎಂದರು.